ಜಗಳವೋ, ಗೋಳೋ? ಪ್ರೈಮರಿ ಮಕ್ಕಳ ನಡುವಿನ ಬುಲ್ಲಿಯಿಂಗ್ ಅಳೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಶಾಲೆಯಲ್ಲಿ ನಾನು ನಾಲ್ಕನೇ ಕ್ಲಾಸಿಗೆ ಕ್ಲಾಸ್ ಟೀಚರ್ ಆಗಿದ್ದಾಗ, ಒಂದು ದಿನ ಊಟದ ಬೆಲ್ ಹೊಡೆದ ಮೇಲೆ ಒಬ್ಬ ಹುಡುಗ ಇನ್ನೊಬ್ಬನ ತಲೆಗೆ ಸ್ಟೀಲ್ ಬಾಟಲಿಯಿಂದ ಬಾರಿಸಿದ. ರಕ್ತ ಬರಲಿಲ್ಲ, ಬುಗುಟೆ ಎದ್ದಿತು. ಹೊಡೆದವನ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದೆ. ಅವನ ಅಮ್ಮನನ್ನು ಕರೆಸಿದೆ. ಕಟ್ಟಡದ ಕೆಲಸಕ್ಕೆ ಹೋಗುವ ಆಕೆ ಅರ್ಧ ದಿನದ ಕೂಲಿ ಬಿಟ್ಟು ಬಂದು, ನನ್ನೆದುರೇ ಮಗನಿಗೆ ಎರಡು ಬಿಗಿದು ಹೋದಳು. ಕೇಸ್ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಎಷ್ಟೋ ದಿನದ ಮೇಲೆ ಆಯಮ್ಮ ಕೇಳಿದಳು, "ಮಿಸ್, ಆ ಮಗು ನಲ್ಲಿ ಹತ್ರ ದಿನಾ ಅಳ್ತಿತ್ತು, ನಿಮಗೆ ಗೊತ್ತಿರಲಿಲ್ವಾ?" ಬಾಟಲಿಯಿಂದ ಹೊಡೆದ ಆ ಹುಡುಗ ಯಾದಗಿರಿ ಕಡೆಯವನು. ಮಾತುಮಾತಿಗೆ "ಏನ್ರಿ", "ಹೌದ್ರಿ" ಅನ್ನುತ್ತಿದ್ದ. ಕ್ಲಾಸಿನವರು ಅವನಿಗೆ "ಏನ್ರಿ" ಅಂತಲೇ ಹೆಸರಿಟ್ಟಿದ್ದರು. ಮೂವರು ಹುಡುಗರು ಜೂನ್‌ನಿಂದ ಪ್ರತಿ ದಿನ ಅವನನ್ನು ನೀರಿನ ಸಾಲಿನ ಕೊನೆಗೆ ತಳ್ಳಿ, ಬಾಟಲಿ ಅರ್ಧ ತುಂಬುವಷ್ಟರಲ್ಲಿ ಕಿತ್ತುಕೊಂಡು, "ಏನ್ರಿ, ನೀರು ಬೇಕೇನ್ರಿ?" ಅಂತ ಸುರಿದುಬಿಡುತ್ತಿದ್ದರು. ಆ ಅಡ್ಡಹೆಸರು ನನ್ನ ಕಿವಿಗೂ ಬಿದ್ದಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಒಂದು ಸಲ ನಾನೂ ನಕ್ಕಿದ್ದೆ.

ನಾನು ಬರೆದಿಟ್ಟಿದ್ದು ಒಂದೇ ಒಂದು ಏಟು. ಎರಡು ತಿಂಗಳು ದಿನಾ ನಡೆದದ್ದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವತ್ತಿನಿಂದ ನಾನು ಇಟ್ಟುಕೊಂಡ ನಿಯಮ ಇಷ್ಟೇ: ಯಾವ ಮಗುವಿಗೂ ಹೆಸರಿಡುವ ಮುಂಚೆ ಏನು, ಎಲ್ಲಿ, ಎಷ್ಟು ಸಲ ಅಂತ ಬರೆದಿಡಬೇಕು. ಒಂದರಿಂದ ಐದನೇ ಕ್ಲಾಸಿನವರೆಗೆ ಪಾಠ ಮಾಡುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಅಮ್ಮಂದಿರಿಗೆ ಬೇಕಾದ್ದು ಕೊನೆಯ ಕಡೆ ಇದೆ.

ಹೆಜ್ಜೆ 1: ಏನನ್ನು ಎಣಿಸಬೇಕು?

ಬುಲ್ಲಿಯಿಂಗ್ ಅನ್ನುವ ಪದ ನಮ್ಮ ಮಕ್ಕಳ ಬಾಯಲ್ಲಿ ಇಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳ ಬಾಯಲ್ಲಿ ಜಾಸ್ತಿಯೇ ಇದೆ, ರಬ್ಬರ್ ಕೊಡದಿದ್ದರೂ "ಹಿ ಈಸ್ ಬುಲ್ಲಿಯಿಂಗ್ ಮಿ" ಅನ್ನುತ್ತಾರೆ. ಎರಡೂ ಕಡೆ ಆ ಪದದಿಂದ ಉಪಯೋಗವಿಲ್ಲ. ಮಕ್ಕಳು ನಿಜವಾಗಿ ಹೇಳುವುದು ಹೀಗೆ: "ರೇಗಿಸ್ತಾನೆ ಮಿಸ್", "ಗೋಳು ಹೊಯ್ಕೊಳ್ತಾರೆ", "ಆಟಕ್ಕೆ ಸೇರಿಸ್ಕೊಳ್ಳಲ್ಲ", "ಅವಳು ಟೂ ಬಿಟ್ಟಿದ್ದಾಳೆ, ಎಲ್ಲರ ಹತ್ರಾನೂ ಟೂ ಬಿಡಿಸಿದ್ದಾಳೆ". ಈ ಕೊನೆಯದನ್ನು ಇನ್ನೊಮ್ಮೆ ಓದಿ. ಟೂ ಬಿಡುವುದು ಜಗಳ, ಎಲ್ಲರಿಂದ ಟೂ ಬಿಡಿಸುವುದು ಗೋಳು.

ಈ ವ್ಯತ್ಯಾಸಕ್ಕೆ ಒಂದು ಅಳತೆ ಕೊಟ್ಟವರು ಡ್ಯಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞ. ನಾರ್ವೆಯಲ್ಲಿ 1982ರ ಕೊನೆಗೆ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಾಟವೇ ಕಾರಣ ಅಂತ ಸುದ್ದಿಯಾಗಿ, ಮರುವರ್ಷ ಅಲ್ಲಿನ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಅಭಿಯಾನ ನಡೆಸಿತು. ಆಗ ಓಲ್ವೇಯಸ್ ಮಾಡಿದ ಪ್ರಶ್ನಾವಳಿಯ ಮೊಮ್ಮಕ್ಕಳೇ ಇವತ್ತು ಹೆಚ್ಚಿನ ಕಡೆ ಬಳಕೆಯಲ್ಲಿರುವುದು. ಅವರು ನೋಡಿದ್ದು ಮೂರು ಸಂಗತಿ. ಬೇಕಂತಲೇ ಮಾಡಿದ್ದಾ? ಮತ್ತೆ ಮತ್ತೆ ಆಗಿದೆಯಾ? ಇಬ್ಬರ ಬಲ ಸಮ ಇಲ್ಲವಾ?

ಕಾಗದದ ಮೇಲೆ ಚೆನ್ನಾಗಿದೆ. ಕ್ಲಾಸಿನಲ್ಲಿ ಮೊದಲನೆಯದೇ ಕೈಕೊಡುತ್ತದೆ. "ಬೇಕಂತ ಮಾಡಿದ್ಯಾ?" ಅಂತ ಏಳು ವರ್ಷದ ಮಗುವನ್ನು ಕೇಳಿದರೆ "ಇಲ್ಲ ಮಿಸ್, ಸುಮ್ನೆ ಆಟಕ್ಕೆ" ಅನ್ನುತ್ತದೆ, ಮತ್ತು ಎಷ್ಟೋ ಸಲ ಅದು ನಿಜವೂ ಹೌದು. ಅದಕ್ಕೆ ನಾನು ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬೇಡ ಅಂದ ಮೇಲೂ, ಅತ್ತ ಮೇಲೂ ಮಾಡಿದರಾ? ಇದಕ್ಕೆ ಉತ್ತರ ಕಣ್ಣಿಗೆ ಕಾಣುತ್ತದೆ, ಮನಸ್ಸು ಬಗೆದು ನೋಡಬೇಕಾಗಿಲ್ಲ.

ಬಲ ಅಂದರೆ ಬರೀ ಮೈಬಲ ಅಲ್ಲ. ಬ್ಯಾಟ್ ಯಾರದ್ದೋ ಅವನದ್ದೇ ರೂಲ್ಸ್, ಅಲ್ವಾ? ಮಾರ್ಕ್ಸ್, ಜೊತೆಗಾರರ ಸಂಖ್ಯೆ, ಟೀಚರ್ ಹತ್ತಿರದ ಸಲುಗೆ, ಮಾತಿನ ಧಾಟಿ, ಬೂಟಿನ ಬೆಲೆ, ಮಾನಿಟರ್ ಅನ್ನುವ ಬ್ಯಾಡ್ಜ್, ಎಲ್ಲವೂ ಬಲವೇ. ಬೆಂಗಳೂರಿನಲ್ಲಿ ಭಾಷೆಯನ್ನಂತೂ ಪಟ್ಟಿಯ ಮೇಲೇ ಇಡಿ. ಕನ್ನಡ ಬಾರದ ಮಗು ಒಂದು ಶಾಲೆಯಲ್ಲಿ ಒಂಟಿಯಾದರೆ, ಮುಂದಿನ ರಸ್ತೆಯ ಶಾಲೆಯಲ್ಲಿ ಕನ್ನಡ ಬಿಟ್ಟು ಬೇರೇನೂ ಬಾರದ ಮಗು ಒಂಟಿಯಾಗಿರುತ್ತದೆ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೂತು ಒಂದು ಪುಟದ ಪಟ್ಟಿ ಮಾಡಿಕೊಳ್ಳಿ: ಕೈಯಿಂದ ಮಾಡುವುದು, ಬಾಯಿಂದ ಮಾಡುವುದು, ಹೊರಗಿಡುವುದು, ವಸ್ತು ಕಿತ್ತುಕೊಳ್ಳುವುದು, ನಾಲ್ಕು-ಐದನೇ ಕ್ಲಾಸಿಗೆ ಫೋನಿನಲ್ಲಿ ಮಾಡುವುದು. ಒಬ್ಬರು "ಕೀಟಲೆ" ಅಂದದ್ದನ್ನು ಇನ್ನೊಬ್ಬರು "ಹಿಂಸೆ" ಅಂತ ಬರೆದರೆ ಆಮೇಲೆ ಕೂಡಿಸುವುದು ಏನನ್ನು?

ಹೆಜ್ಜೆ 2: ಅನುಮತಿ ಮತ್ತು ಗುಟ್ಟು

ಇದನ್ನು ಬೇಗ ಮುಗಿಸುತ್ತೇನೆ. ಹೆಡ್‌ಮಾಸ್ಟರ್ ಒಪ್ಪಿಗೆ ಬರಹದಲ್ಲಿ ಇರಲಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ಮಾತು ಹಾಕಿ. ಪೋಷಕರಿಗೆ ಒಂದು ಚೀಟಿ ಕಳಿಸಿ: "ಶಾಲೆಯಲ್ಲಿ ಮಕ್ಕಳು ಎಷ್ಟು ನೆಮ್ಮದಿಯಾಗಿದ್ದಾರೆ ಅಂತ ಕೇಳುತ್ತಿದ್ದೇವೆ, ಪ್ರಶ್ನಾವಳಿಯಲ್ಲಿ ಮಗು ಹೆಸರು ಬರೆಸುವುದಿಲ್ಲ, ಬೇಡ ಅನಿಸಿದರೆ ತಿಳಿಸಿ." ನೋಟ್‌ಬುಕ್ಕಿನಲ್ಲಿ ಹೆಸರಿನ ಬದಲು ನಂಬರ್ ಹಾಕಿ, ಹಾಜರಿ ಪುಸ್ತಕದ ನಂಬರ್ ಮಾತ್ರ ಬೇಡ, ಅದು ಎಲ್ಲರಿಗೂ ಗೊತ್ತಿರುತ್ತದೆ. ಆ ನೋಟ್‌ಬುಕ್ ಮನೆಗೂ ಹೋಗಬಾರದು, ಮೇಜಿನ ಮೇಲೂ ಇರಬಾರದು.

ಕಾಲವೂ ಮುಖ್ಯ. ಜೂನ್‌ನಲ್ಲಿ ಮಾಡಬೇಡಿ. ಮಕ್ಕಳು ಆಗಷ್ಟೇ ಹೊಸ ಕ್ಲಾಸಿಗೆ ಬಂದಿರುತ್ತಾರೆ, ಎಲ್ಲವೂ ಅಲ್ಲೋಲ ಕಲ್ಲೋಲ. ದಸರಾ ರಜೆ ಮುಗಿದು ಆರೇಳು ವಾರ ಆದ ಮೇಲೆ ಸರಿಯಾದ ಸಮಯ, ಯಾಕೆ ಅಂತ ಹೆಜ್ಜೆ 5ರಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 3: ಬಿಂದಿ ನಕ್ಷೆ

ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು. ಖರ್ಚು ಇಪ್ಪತ್ತು ಮೂವತ್ತು ರೂಪಾಯಿ. ಒಂದು ಡ್ರಾಯಿಂಗ್ ಶೀಟಿನ ಮೇಲೆ ಶಾಲೆಯ ನಕ್ಷೆ ಬಿಡಿಸಿ: ಗೇಟು, ಮೆಟ್ಟಿಲು, ಕ್ಲಾಸು, ನಲ್ಲಿ, ಟಾಯ್ಲೆಟ್, ಊಟದ ಜಾಗ, ಆಟದ ಮೈದಾನ, ವ್ಯಾನ್ ನಿಲ್ಲುವ ಜಾಗ. ಅಂಗಡಿಯಲ್ಲಿ ಸಿಗುವ ಸ್ಟಿಕ್ಕರ್ ಬಿಂದಿ ತಂದು, ಪ್ರತಿ ಮಗುವಿಗೆ ಎರಡು ಹಸಿರು, ಎರಡು ಕೆಂಪು ಕೊಡಿ. "ಇರೋಕೆ ಇಷ್ಟ ಆಗುವ ಜಾಗಕ್ಕೆ ಹಸಿರು, ಹೋಗೋಕೆ ಹೆದರಿಕೆ ಅಥವಾ ಬೇಜಾರು ಆಗುವ ಜಾಗಕ್ಕೆ ಕೆಂಪು." ಇಷ್ಟೇ ಹೇಳಿ. ಗೋಳು, ಜಗಳ ಯಾವ ಪದವೂ ಬೇಡ.

ಒಬ್ಬೊಬ್ಬರಾಗಿ ಬಂದು ಅಂಟಿಸಲಿ, ನೀವು ಬೆನ್ನು ಮಾಡಿ ನಿಂತಿರಿ. ಎಲ್ಲರ ಮುಂದೆ ಅಂಟಿಸಿದರೆ ಮೊದಲನೆಯವನು ಹಚ್ಚಿದ ಕಡೆಯೇ ಮಿಕ್ಕವರೂ ಹಚ್ಚುತ್ತಾರೆ. ಒಂದನೇ ಕ್ಲಾಸಿನವರೂ ಇದನ್ನು ಮಾಡಬಲ್ಲರು, ಓದು ಬರಹ ಬೇಕಿಲ್ಲ. ಒಂದಿಬ್ಬರು ಬಿಂದಿಯನ್ನು ಹಣೆಗೆ ಹಚ್ಚಿಕೊಂಡು ಹೋಗುತ್ತಾರೆ, ಹೋಗಲಿ ಬಿಡಿ.

ಕೆಂಪು ಗುಂಪುಗುಂಪಾಗಿ ಬಿದ್ದ ಕಡೆ ಕಣ್ಣಿಡಿ. ನಾನು ಮಾಡಿದಾಗ ಮೈದಾನದಲ್ಲಿ ಬೀಳುತ್ತದೆ ಅಂದುಕೊಂಡಿದ್ದೆ. ಬಿದ್ದದ್ದು ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಅಲ್ಲಿಗೆ ಯಾವ ಕ್ಲಾಸಿನ ಬಾಗಿಲಿನಿಂದಲೂ ನೋಟ ಹಾಯುವುದಿಲ್ಲ. ವ್ಯಾನ್ ಜಾಗವನ್ನು ನಕ್ಷೆಯಿಂದ ಬಿಡಲೇಬೇಡಿ. ನಮ್ಮೂರಿನ ಟ್ರಾಫಿಕ್ಕಿನಲ್ಲಿ ಮಗು ಮುಕ್ಕಾಲು ಗಂಟೆ ವ್ಯಾನಿನಲ್ಲಿ ಕೂತಿರುತ್ತದೆ, ಒಂದನೇ ಕ್ಲಾಸಿನವರ ಪಕ್ಕ ಏಳನೇ ಕ್ಲಾಸಿನವರು, ಡ್ರೈವರ್ ಅಣ್ಣನ ಕಣ್ಣು ರಸ್ತೆಯ ಮೇಲೆ. ಇಡೀ ದಿನದಲ್ಲಿ ಟೀಚರ್ ಇಲ್ಲದೆ ಕಳೆಯುವ ಅತಿ ಉದ್ದದ ಪೀರಿಯಡ್ ಅದೇ. ಬಿಸಿಯೂಟ ಇರುವ ಶಾಲೆಯಲ್ಲಿ ಊಟದ ಸಾಲನ್ನೂ ಗಮನಿಸಿ. ಯಾರು ಯಾರ ಪಕ್ಕ ಕೂರುವುದಿಲ್ಲ, ಮೊಟ್ಟೆ ತೆಗೆದುಕೊಂಡವರು ಬೇರೆ, ಬಾಳೆಹಣ್ಣು ತೆಗೆದುಕೊಂಡವರು ಬೇರೆ ಅಂತ ಗುಂಪಾಗುತ್ತಿದೆಯಾ, ಅದರ ಮೇಲೆ ಮಾತು ಬರುತ್ತಿದೆಯಾ, ಎಲ್ಲ ಅಲ್ಲೇ ಕಾಣುತ್ತದೆ.

ಹೆಜ್ಜೆ 4: ಎರಡು ವಾರ ನೋಡಿ, ಬರೆಯಿರಿ

ಕೆಂಪು ಬಿದ್ದ ಎರಡು ಮೂರು ಜಾಗ ಆರಿಸಿಕೊಳ್ಳಿ. ದಿನಕ್ಕೆ ಹತ್ತೇ ನಿಮಿಷ. ಒಂದು ದಿನ ಚಿಕ್ಕ ಬ್ರೇಕ್, ಇನ್ನೊಂದು ದಿನ ಊಟದ ಹೊತ್ತು, ಮತ್ತೊಂದು ದಿನ ಪಿಟಿ ಮುಗಿದು ಮಕ್ಕಳು ವಾಪಸ್ ಬರುವ ಐದು ನಿಮಿಷ. ಎರಡು ವಾರದಲ್ಲಿ ಹನ್ನೊಂದು ಹನ್ನೆರಡು ಸಲ ಆಗುತ್ತದೆ. ಮೊದಲ ಎರಡು ಮೂರು ದಿನದ ಬರಹವನ್ನು ನಂಬಬೇಡಿ, ನೀವು ನಿಂತಿದ್ದೀರಿ ಅಂತ ಎಲ್ಲರೂ ದೇವರಂತೆ ಇರುತ್ತಾರೆ.

ಬರೆಯುವ ರೀತಿಗೆ ಒಂದು ಉದಾಹರಣೆ ಕೊಡುತ್ತೇನೆ, ಇಲ್ಲೇ ಹೆಚ್ಚಿನವರು ಎಡವುವುದು.

"ಮಂಗಳವಾರ, 11.05, ನಲ್ಲಿ. 14 ಬಂದು 22ರ ಬಾಟಲಿ ಕಿತ್ತು 9ಕ್ಕೆ ಎಸೆದ. 22 ಎರಡು ಸಲ 'ಕೊಡೋ' ಅಂದ. ಸುತ್ತ ಐದು ಜನ, ಇಬ್ಬರು ನಕ್ಕರು, ಒಬ್ಬಳು 'ಕೊಡ್ರೋ ಪಾಪ' ಅಂದಳು. ಬಾಟಲಿ ವಾಪಸ್ ಸಿಕ್ಕಿತು. 22 ನೀರು ತುಂಬಿಸದೆ ಕ್ಲಾಸಿಗೆ ಹೋದ."

ಇದು ಸರಿ. "14 ಎಂದಿನಂತೆ ತಂಟೆ ಮಾಡಿದ, 22 ಪಾಪದ ಹುಡುಗ" ಅಂತ ಬರೆದರೆ ಅದು ತೀರ್ಪು. ಅದರಲ್ಲಿ ಎಣಿಸಲು ಏನೂ ಇಲ್ಲ. ಯಾರು, ಏನು, ಯಾರ ಮೇಲೆ, ಸುತ್ತ ಯಾರಿದ್ದರು, ಹೇಗೆ ಮುಗಿಯಿತು, ಈ ಐದು ಇದ್ದರೆ ಸಾಕು. "ಹೇಗೆ ಮುಗಿಯಿತು" ಅನ್ನುವುದನ್ನು ಬಿಡಬೇಡಿ. ಇಬ್ಬರೂ ನಕ್ಕು ಜಾಗ ಬದಲಿಸಿಕೊಂಡು ಮತ್ತೆ ಆಡಿದರೆ ಅದು ಆಟ. ಒಬ್ಬನಷ್ಟೇ ನಕ್ಕರೆ ಆಟ ಅಲ್ಲ. ಯಾವಾಗಲೂ ಅದೇ ಮಗು ಕಳ್ಳ, ಅದೇ ಮಗು ದೆವ್ವ, ಅದೇ ಮಗು ಬಾಲ್ ತರುವವನು ಆಗಿದ್ದರೂ ಬರೆದುಕೊಳ್ಳಿ.

ಸಾಧ್ಯವಾದರೆ ಒಂದೆರಡು ದಿನ ಇನ್ನೊಬ್ಬ ಟೀಚರ್ ಕೂಡ ಅದೇ ಹತ್ತು ನಿಮಿಷ ಬೇರೆಯಾಗಿ ಬರೆಯಲಿ, ಆಮೇಲೆ ಹೋಲಿಸಿ. ನಾನೂ ನನ್ನ ಪಕ್ಕದ ಕ್ಲಾಸಿನವರೂ ಮೊದಲ ದಿನ ಬರೆದಿದ್ದು ನೋಡಿದರೆ ಇಬ್ಬರೂ ಬೇರೆ ಬೇರೆ ಶಾಲೆಯಲ್ಲಿ ನಿಂತಿದ್ದೆವೇನೋ ಅನ್ನಿಸಬೇಕು, ಹಾಗಿತ್ತು.

ಸುತ್ತ ನಿಂತವರನ್ನು ಯಾಕೆ ಬರೆಯಬೇಕು? ಕೆನಡಾದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತವರ ಜೊತೆಗಾರರು ಆಟದ ಮೈದಾನಕ್ಕೆ ಕ್ಯಾಮೆರಾ, ಮಕ್ಕಳ ಬಟ್ಟೆಗೆ ಮೈಕ್ ಹಾಕಿ ನೋಡಿದರು. 2001ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 88 ಶೇಕಡಾ ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ಮಧ್ಯೆ ಬಂದದ್ದು 19 ಶೇಕಡಾ ಮಾತ್ರ. ಆದರೆ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ ಹತ್ತೇ ಸೆಕೆಂಡಿನಲ್ಲಿ ಕಾಟ ನಿಂತಿತ್ತು. "ಕೊಡ್ರೋ ಪಾಪ" ಅಂದ ಹುಡುಗಿ ಯಾರು ಅಂತ ಗೊತ್ತಿದ್ದರೆ ಮುಂದಿನ ಕೆಲಸ ಅರ್ಧ ಆದಂತೆ.

ಆಯಮ್ಮ, ವಾಚ್‌ಮನ್, ವ್ಯಾನ್ ಡ್ರೈವರ್, ಅಡುಗೆಯವರನ್ನು ಕೇಳಿ. ಫಾರ್ಮ್ ಕೊಡಬೇಡಿ, ಟೀ ಕುಡಿಯುತ್ತಾ ಕೇಳಿ. ನಾವು ನೋಡದ ಜಾಗಗಳನ್ನೆಲ್ಲ ಅವರು ನೋಡುತ್ತಿರುತ್ತಾರೆ. ನಾವು ಕೇಳಿರುವುದಿಲ್ಲ, ಅಷ್ಟೇ.

ಹೆಜ್ಜೆ 5: ಮಕ್ಕಳನ್ನೇ ಕೇಳುವ ಪ್ರಶ್ನಾವಳಿ

ಮೂರನೇ ಕ್ಲಾಸಿನಿಂದ ಮೇಲಕ್ಕೆ ಬರಹದಲ್ಲಿ ಕೇಳಬಹುದು. ಹೆಸರು ಬೇಡ, ಟಿಕ್ ಮಾತ್ರ. ಅಕ್ಷರ ನೋಡಿ ಟೀಚರ್ ಯಾರದ್ದು ಅಂತ ಕಂಡುಹಿಡಿಯುತ್ತಾರೆ ಅನ್ನುವುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಎಲ್ಲರಿಗೂ ಒಂದೇ ಬಗೆಯ ಪೆನ್ಸಿಲ್ ಕೊಡಿ. ಬೆಂಚಿಗೆ ಇಬ್ಬರು, ನಡುವೆ ಬ್ಯಾಗ್. ನೀವೇ ಒಂದೊಂದು ಪ್ರಶ್ನೆ ಜೋರಾಗಿ ಓದಿ, ಓದಲು ಕಷ್ಟಪಡುವ ಮಗು ಹಿಂದೆ ಬೀಳುವುದಿಲ್ಲ. ಮುಗಿದ ಮೇಲೆ ಹಾಳೆ ಮಡಚಿ ಒಂದು ಡಬ್ಬಿಗೆ ಹಾಕಲಿ, ನಿಮ್ಮ ಕೈಗೆ ಕೊಡುವುದು ಬೇಡ. ಸಾಧ್ಯವಾದರೆ ಅವರ ಕ್ಲಾಸ್ ಟೀಚರ್ ಬದಲು ಬೇರೆಯವರು ನಡೆಸಿದರೆ ಇನ್ನೂ ಒಳ್ಳೆಯದು.

"ಕಳೆದ ಎರಡು ತಿಂಗಳಲ್ಲಿ" ಅಂದರೆ ಎಂಟು ವರ್ಷದ ಮಗುವಿಗೆ ತಿಳಿಯುವುದಿಲ್ಲ. "ದಸರಾ ರಜೆ ಮುಗಿಸಿ ಶಾಲೆಗೆ ಬಂದ ಮೇಲೆ" ಅಂದರೆ ತಿಳಿಯುತ್ತದೆ. ಸಮಯ ಆರಿಸುವಾಗ ಹೇಳಿದ್ದು ಇದಕ್ಕೇ.

ನಾನು ಬಳಸುವ ಪ್ರಶ್ನೆಗಳು ಇವು. ದಸರಾ ರಜೆ ಮುಗಿಸಿ ಬಂದ ಮೇಲೆ,

ನಿನಗೆ ಇಷ್ಟವಿಲ್ಲದ ಅಡ್ಡಹೆಸರು ಹಿಡಿದು ಯಾರಾದರೂ ಕರೆದಿದ್ದಾರಾ?
ಹೊಡೆದಿದ್ದಾರಾ, ತಳ್ಳಿದ್ದಾರಾ, ಚಿವುಟಿದ್ದಾರಾ?
ಬೇಕಂತಲೇ ಆಟಕ್ಕೋ ಊಟಕ್ಕೋ ಸೇರಿಸಿಕೊಳ್ಳದೆ ಬಿಟ್ಟಿದ್ದಾರಾ?
"ಇವರ ಜೊತೆ ಮಾತಾಡಬೇಡಿ" ಅಂತ ಬೇರೆಯವರಿಗೆ ಹೇಳಿಕೊಟ್ಟಿದ್ದಾರಾ?
ತಿಂಡಿ, ಪೆನ್ಸಿಲ್, ದುಡ್ಡು ಕಿತ್ತುಕೊಂಡಿದ್ದಾರಾ, ಬಚ್ಚಿಟ್ಟಿದ್ದಾರಾ?
ನೀನು ಮಾತಾಡುವ ರೀತಿ, ಮೈಬಣ್ಣ, ಮನೆ, ಅಪ್ಪ ಅಮ್ಮನ ಕೆಲಸ, ಜಾತಿ, ದೇವರ ಬಗ್ಗೆ ಆಡಿಕೊಂಡಿದ್ದಾರಾ?
ಹೆದರಿಸಿ ಏನಾದರೂ ಮಾಡಿಸಿದ್ದಾರಾ?

ಪ್ರತಿಯೊಂದಕ್ಕೂ ಐದು ಉತ್ತರ: ಒಂದು ಸಲವೂ ಇಲ್ಲ, ಒಂದೆರಡು ಸಲ, ತಿಂಗಳಿಗೆ ಎರಡು ಮೂರು ಸಲ, ವಾರಕ್ಕೊಂದು ಸಲ, ವಾರದಲ್ಲಿ ತುಂಬಾ ಸಲ. ಈ ಮೆಟ್ಟಿಲುಗಳು ಓಲ್ವೇಯಸ್ ಪ್ರಶ್ನಾವಳಿಯವೇ. ಆಮೇಲೆ ಅದೇ ಪ್ರಶ್ನೆಗಳನ್ನು ತಿರುಗಿಸಿ: "ನೀನು ಯಾರಿಗಾದರೂ ಹೀಗೆ ಮಾಡಿದ್ದೀಯಾ?" ಮಕ್ಕಳು ಸುಳ್ಳು ಹೇಳುತ್ತಾರೆ ಅಂತ ಬಿಡಬೇಡಿ. ಹೆಸರಿಲ್ಲದ ಹಾಳೆಯಲ್ಲಿ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ ಒಪ್ಪಿಕೊಳ್ಳುತ್ತಾರೆ. ಕೊನೆಗೆ ಎರಡು ಪ್ರಶ್ನೆ: ಎಲ್ಲಿ ಆಯಿತು? ಯಾರಿಗೆ ಹೇಳಿದೆ? "ಯಾರಿಗೂ ಹೇಳಿಲ್ಲ" ಅನ್ನುವ ಮನೆಯೂ ಇರಲಿ. ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಮೊದಲು ನೋಡಬೇಕಾದ ಮನೆ ಅದೇ.

ಒಂದು, ಎರಡನೇ ಕ್ಲಾಸಿಗೆ ಹಾಳೆ ಬೇಡ. ಒಬ್ಬೊಬ್ಬರನ್ನೇ ಕರೆದು ಐದು ನಿಮಿಷ, ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖದ ಚಿತ್ರ ಮುಂದಿಟ್ಟು ಕೇಳಿ: "ಊಟದ ಬೆಲ್ ಆದಾಗ ನಿನ್ನ ಮುಖ ಯಾವುದು? ನಲ್ಲಿ ಹತ್ರ? ವ್ಯಾನಿನಲ್ಲಿ?" ಈ ವಯಸ್ಸಿನವರು ಜಗಳ, ಗೋಳು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ, ನೆನಪಿರಲಿ. ನಿನ್ನೆಯ ಒಂದು ಗುದ್ದು ಇವತ್ತು "ದಿನಾ ಹೊಡೀತಾನೆ" ಆಗುತ್ತದೆ. ಅದು ಸುಳ್ಳಲ್ಲ, ಅವರ ಲೆಕ್ಕ ಹಾಗೆ. ಅದಕ್ಕೇ ಚಿಕ್ಕವರ ವಿಷಯದಲ್ಲಿ ನಿಮ್ಮ ನೋಟ್‌ಬುಕ್ಕಿನ ತೂಕ ಜಾಸ್ತಿ.

ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಆಡುವ ಮಕ್ಕಳಿಗೆ ಅವರ ಭಾಷೆ ಬರುವ ಟೀಚರ್ ಓದಿ ಹೇಳಲಿ. ದೊಡ್ಡ ಕ್ಲಾಸಿನ ಹುಡುಗನನ್ನು ದುಭಾಷಿಯಾಗಿ ಕೂರಿಸಬೇಡಿ. ಕಾಟ ಕೊಡುವವನು ಅವನೇ ಇರಬಹುದು.

ಹೆಜ್ಜೆ 6: ಬಾಣದ ಚಿತ್ರ

ಒಂದು ಚೀಟಿಯಲ್ಲಿ ಕೇಳಿ: "ಯಾವ ಮೂವರ ಜೊತೆ ಊಟಕ್ಕೆ ಕೂರೋಕೆ ಇಷ್ಟ?" ಇಲ್ಲಿ ಹೆಸರು ಬೇಕು, ಬರೆದವರದ್ದೂ ಬೇಕು. ಮನೆಯಲ್ಲಿ ಕೂತು ಪ್ರತಿ ಮಗುವಿಗೆ ಒಂದು ಸೊನ್ನೆ ಬರೆದು, ಯಾರು ಯಾರನ್ನು ಬಯಸಿದರು ಅಂತ ಬಾಣ ಎಳೆಯಿರಿ. (ಇದೊಂದನ್ನು ಮನೆಗೆ ಒಯ್ಯಬಹುದು, ಆದರೆ ನಂಬರ್ ಹಾಕಿ.) ಜೇಕಬ್ ಮೊರೆನೊ 1930ರ ದಶಕದಲ್ಲಿ ಶುರುಮಾಡಿದ ಈ ಪದ್ಧತಿ ಈಗಲೂ ಹೊಸದರಂತೆಯೇ ಕೆಲಸ ಮಾಡುತ್ತದೆ. ಒಂದೂ ಬಾಣ ಬಾರದ ಮಗು ಇರುತ್ತದೆ. ಎಲ್ಲರ ಬಾಣವೂ ಹೋಗುವ ಮಗುವೂ ಇರುತ್ತದೆ, ಮತ್ತು ಗುಂಪು ಕಟ್ಟಿ ಗೋಳು ಹೊಯ್ದುಕೊಳ್ಳುವ ಮಗು ಎಷ್ಟೋ ಸಲ ಈ ಎರಡನೆಯದೇ ಆಗಿರುತ್ತದೆ. ಕಾಟ ಕೊಡುವವನು ಯಾರಿಗೂ ಬೇಡವಾದ ಪುಂಡ ಅನ್ನುವ ನಮ್ಮ ಕಲ್ಪನೆ ಇಲ್ಲಿ ಬಿದ್ದುಹೋಗುತ್ತದೆ.

"ಯಾರ ಜೊತೆ ಕೂರೋಕೆ ಇಷ್ಟ ಇಲ್ಲ?" ಅಂತ ಕೇಳುವವರೂ ಇದ್ದಾರೆ. ನಾನು ಕೇಳುವುದಿಲ್ಲ. ಚೀಟಿ ಮುಗಿದ ಐದೇ ನಿಮಿಷಕ್ಕೆ "ನೀನು ಯಾರ ಹೆಸರು ಬರೆದೆ?" ಶುರುವಾಗುತ್ತದೆ. ಅಳತೆ ಮಾಡಲು ಹೋಗಿ ನಾವೇ ಗೋಳು ಹುಟ್ಟಿಸಿದ ಹಾಗಾಗುತ್ತದೆ.

ಹೆಜ್ಜೆ 7: ಒಬ್ಬೊಬ್ಬರ ಜೊತೆ ಮಾತು

ಇಷ್ಟೆಲ್ಲ ಆದ ಮೇಲೆ ಮಾತು. ಮೊದಲೇ ಮಾತಿಗೆ ಇಳಿದರೆ ಕೋರ್ಟ್ ಆಗುತ್ತದೆ. ಇಬ್ಬರನ್ನೂ ಎದುರಾಬದುರಾ ನಿಲ್ಲಿಸಿ "ಕೈ ಕುಲುಕಿ, ಸಾರಿ ಹೇಳಿ" ಅನ್ನುವುದು ನಮ್ಮ ಹಳೆಯ ಚಾಳಿ. ಜಗಳಕ್ಕೆ ಅದು ಸರಿ. ಗೋಳಿಗೆ ಅಲ್ಲ. ನನ್ನ ಮುಂದೆ ಸಾರಿ ಹೇಳಿದವನು ಮೆಟ್ಟಿಲ ತಿರುವಿನಲ್ಲಿ ಅದನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತಾನೆ.

ಮೊದಲು ಕಾಟ ಅನುಭವಿಸಿದ ಮಗು, ಆಮೇಲೆ ನೋಡಿದವರು, ಕೊನೆಗೆ ಮಾಡಿದವರು. ಎಲ್ಲರನ್ನೂ ಬೇರೆ ಬೇರೆಯಾಗಿ, ಯಾರಿಗೂ ಅನುಮಾನ ಬಾರದ ಹಾಗೆ ಕರೆಯಿರಿ. ಲೈಬ್ರರಿ ಪುಸ್ತಕ ಜೋಡಿಸಲು ಕರೆದರೆ ಸಾಕು. ಕೈಗೆ ಕೆಲಸ ಇದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ. ಆ ಯಾದಗಿರಿ ಹುಡುಗ ನನ್ನ ಹತ್ತಿರ ಮಾತಾಡಿದ್ದು ಚಾಕ್‌ಪೀಸ್ ಡಬ್ಬಿಗೆ ತುಂಬುವಾಗ. "ಅವತ್ತು ನೀನು ಬಾಟಲಿ ಎತ್ತಿದ್ದಕ್ಕೆ ಮುಂಚೆ ಏನಾಯ್ತು?" ಅಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಮಿಸ್‌ರೀ, ನಾ ಹೇಳಿದ್ರ ನೀವೂ ನಗ್ತೀರಿ" ಅಂದ.

"ಯಾಕೆ" ಅನ್ನುವ ಪ್ರಶ್ನೆ ಬಿಡಿ. "ಯಾಕೆ ಹೇಳಲಿಲ್ಲ?" ಅಂದರೆ ಮಗುವಿನದ್ದೇ ತಪ್ಪು ಅಂದಂತೆ. "ಆಮೇಲೆ ಏನಾಯ್ತು?", "ಅಲ್ಲಿ ಇನ್ಯಾರಿದ್ರು?", "ಹಿಂದೆ ಯಾವಾಗಾದ್ರೂ ಆಗಿತ್ತಾ?" ಸಾಕು. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಕೆಲವನ್ನು ಹೇಳಲೇಬೇಕಾಗುತ್ತದೆ. "ಯಾರಿಗೆ ಹೇಳಬೇಕಾದರೂ ಮೊದಲು ನಿನಗೆ ತಿಳಿಸ್ತೀನಿ" ಅನ್ನಿ, ಹಾಗೇ ನಡೆದುಕೊಳ್ಳಿ.

ನೋಡಿದವರು ಬಾಯಿ ಬಿಡದಿರಲು ಒಂದು ದೊಡ್ಡ ಕಾರಣ, ಚಾಡಿಕೋರ ಅನ್ನಿಸಿಕೊಳ್ಳುವ ಹೆದರಿಕೆ. ನಾವೇ ಕಲಿಸಿದ್ದು ತಾನೇ? ದಿನಾ ಹತ್ತು ಸಲ "ಚಾಡಿ ಹೇಳಬೇಡ, ಹೋಗಿ ಕೂತ್ಕೋ" ಅನ್ನುತ್ತೇವೆ. ನಾನು ಈಗ ಕ್ಲಾಸಿಗೆ ಹೀಗೆ ಹೇಳಿಕೊಡುತ್ತೇನೆ: ಒಬ್ಬರನ್ನು ಸಿಕ್ಕಿಸಿಹಾಕೋಕೆ ಹೇಳಿದರೆ ಚಾಡಿ, ಒಬ್ಬರನ್ನು ಬಿಡಿಸೋಕೆ ಹೇಳಿದರೆ ಸಹಾಯ. ಎರಡನೇ ಕ್ಲಾಸಿನವರಿಗೂ ಅರ್ಥವಾಗುತ್ತದೆ.

ಮಾಡಿದ ಮಗುವಿನ ಹತ್ತಿರ ನೋಟ್‌ಬುಕ್ಕಿನ ಸಂಗತಿ ಮಾತ್ರ ಹೇಳಿ. "ಮಂಗಳವಾರ ನಲ್ಲಿ ಹತ್ರ ಬಾಟಲಿ ಎಸೆದಿದ್ದನ್ನು ನಾನು ನೋಡಿದೆ. ಗುರುವಾರವೂ ನೋಡಿದೆ. ನೀನು ಹೇಳು." "ನೀನು ಕೆಟ್ಟವನು" ಬೇಡ, ಬೇರೆ ಮಗು ಹೇಳಿತು ಅನ್ನುವುದಂತೂ ಬೇಡವೇ ಬೇಡ. ಮನೆಯಲ್ಲಿ ಏನು ನಡೆಯುತ್ತಿದೆ, ಅವನನ್ನು ಯಾರು ಹೊಡೆಯುತ್ತಾರೆ ಅಂತ ಈ ಮಾತಿನಲ್ಲಿ ಹೊರಬೀಳುವುದೂ ಉಂಟು.

ಮನೆಯವರಿಗೆ

ನಿಮ್ಮ ಅಳತೆಗೋಲು ಬೇರೆ. ಟಿಫಿನ್ ಡಬ್ಬಿ ಹಾಗೇ ವಾಪಸ್ ಬರುತ್ತಿದೆಯಾ, ಅಥವಾ ಬಾಚಿದಂತೆ ಖಾಲಿಯಾಗಿಯೂ ಮಗು ಹಸಿದು ಬರುತ್ತಿದೆಯಾ? ಗೇಟು ದಾಟಿದ ಕೂಡಲೇ ಬಾತ್‌ರೂಮಿಗೆ ಓಡುತ್ತಿದೆಯಾ? ಶಾಲೆಯ ಟಾಯ್ಲೆಟ್‌ಗೆ ಹೋಗಲು ಹೆದರುವ ಮಗು ಸಂಜೆಯವರೆಗೂ ತಡೆದುಕೊಳ್ಳುತ್ತದೆ. ಟಾಯ್ಲೆಟ್ ಗಲೀಜಾಗಿರುವುದೂ ಕಾರಣ ಇರಬಹುದು, ಕೇಳಿ. ಭಾನುವಾರ ರಾತ್ರಿ ಮಾತ್ರ ಬರುವ ಹೊಟ್ಟೆನೋವು, ವಾರಕ್ಕೆ ಮೂರು ಪೆನ್ಸಿಲ್ ಕಳೆಯುವುದು, ಇದ್ದಕ್ಕಿದ್ದಂತೆ "ವ್ಯಾನ್ ಬೇಡ, ನೀನೇ ಬಿಡು" ಅನ್ನುವುದು. ಒಂದೊಂದೇ ನೋಡಿದರೆ ಏನೂ ಅಲ್ಲ. ಎರಡು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ, ಪಿಟಿ ಇರುವ ದಿನ, ಒಬ್ಬ ಟೀಚರ್ ಬಾರದ ದಿನ ಅಂತ ಏನಾದರೂ ಸಾಲು ಹಿಡಿಯುತ್ತದೆ.

ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ದಯವಿಟ್ಟು. ರಾತ್ರಿ ಹತ್ತಕ್ಕೆ ಒಬ್ಬರು "ನಿಮ್ಮ ಮಗ" ಅಂತ ಶುರು ಮಾಡಿದರೆ ಬೆಳಗ್ಗೆ ಇಡೀ ಅಪಾರ್ಟ್‌ಮೆಂಟ್ ಎರಡು ಪಾರ್ಟಿ. ಆ ಮಗುವನ್ನು ನೀವೇ ಗೇಟಿನಲ್ಲಿ ಹಿಡಿದು ಗದರಿಸುವುದೂ ಬೇಡ. ದಿನಾಂಕ, ಜಾಗ, ಆದದ್ದು, ಮಗು ಹೇಳಿದ ಮಾತು ಇಷ್ಟನ್ನು ಬರೆದು ಕ್ಲಾಸ್ ಟೀಚರ್‌ಗೆ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಪೊಲೀಸ್ ಕಂಪ್ಲೇಂಟ್ ಅಂತ ಹೆದರಿಸುವವರಿಗೆ ಒಂದು ಮಾತು: ಏಳು ವರ್ಷದೊಳಗಿನ ಮಗು ಮಾಡಿದ್ದು ನಮ್ಮ ಕಾನೂನಿನಲ್ಲಿ ಅಪರಾಧವೇ ಅಲ್ಲ.

ಎಲ್ಲವನ್ನೂ ಒಟ್ಟಿಗೆ ಓದುವುದು

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಮಕ್ಕಳ ನಂಬರ್, ಮೇಲೆ ನಾಲ್ಕು ಕಾಲಂ: ನೋಟ್‌ಬುಕ್, ಬಾಣ, ಮಾತು, ಮನೆ. ಪ್ರಶ್ನಾವಳಿಗೆ ಹೆಸರಿಲ್ಲ, ಅದು ಇಡೀ ಕ್ಲಾಸಿನ ಲೆಕ್ಕ, ಪಕ್ಕದಲ್ಲಿಡಿ. 36 ಮಕ್ಕಳ ಕ್ಲಾಸಿನಲ್ಲಿ 6 ಜನ "ತಿಂಗಳಿಗೆ ಎರಡು ಮೂರು ಸಲ" ಅಥವಾ ಅದಕ್ಕೂ ಮೇಲೆ ಟಿಕ್ ಹಾಕಿದ್ದಾರೆ ಅಂದುಕೊಳ್ಳಿ. ಓಲ್ವೇಯಸ್ ಪದ್ಧತಿಯಲ್ಲಿ ಗೆರೆ ಎಳೆಯುವುದು ಅಲ್ಲೇ, ತಿಂಗಳಿಗೆ ಎರಡು ಮೂರು ಸಲ. ಅಂದರೆ ಆರರಲ್ಲೊಂದು ಮಗು. ನಿಮ್ಮ ನೋಟ್‌ಬುಕ್ಕಿನಲ್ಲಿ ಇಬ್ಬರೇ ಸಿಕ್ಕಿದ್ದರೆ, ಇನ್ನೂ ನಾಲ್ವರನ್ನು ನೀವು ನೋಡೇ ಇಲ್ಲ. ಬಾಣವೇ ಬಾರದ ಮಕ್ಕಳಿಂದ ಹುಡುಕಲು ಶುರುಮಾಡಿ.

ಎರಡು ಕಾಲಂ ಒಂದೇ ಮಾತು ಹೇಳಿದರೆ ಗಟ್ಟಿ. ಒಂದೇ ಹೇಳಿದರೆ ಇನ್ನೂ ನೋಡಿ. ಮಕ್ಕಳನ್ನು ಎರಡೇ ಪಾಲು ಮಾಡಬೇಡಿ. ಫಿನ್‌ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲಿ ತೋರಿಸಿದ ಹಾಗೆ ಇದರಲ್ಲಿ ಆರು ಪಾತ್ರ: ಶುರುಮಾಡುವವರು, ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಬಿಡಿಸುವವರು, ಅನುಭವಿಸುವವರು. ನನ್ನ ಪ್ರಕಾರ ಏಳನೆಯದೂ ಇದೆ, ನಗುವ ಟೀಚರ್. ಆ ಕಾಲಂನಲ್ಲಿ ನಿಮ್ಮದೇ ಹೆಸರು ಬಂದರೆ ಮುಚ್ಚಿಡಬೇಡಿ. ಟೀಚರ್ ಇಟ್ಟ ಅಡ್ಡಹೆಸರು ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಇಬ್ಬದಿಯಲ್ಲೂ ಬರುವ ಮಕ್ಕಳನ್ನು ಮಾತ್ರ ಮೇಲೆ ಬರೆದುಕೊಳ್ಳಿ. ಒಂದು ಕಡೆ ಅನುಭವಿಸಿ ಇನ್ನೊಂದು ಕಡೆ ತಾವೇ ಮಾಡುವವರು. ಡೈರಿಯಲ್ಲಿ ಕೆಂಪು ಇಂಕು ಬೀಳುವುದು ಸಾಮಾನ್ಯವಾಗಿ ಇವರಿಗೇ, ನೆರವು ಮೊದಲು ಬೇಕಾದದ್ದೂ ಇವರಿಗೇ.

ಅಳತೆ ಬಿಟ್ಟು ತಕ್ಷಣ ಏಳಬೇಕಾದ ಹೊತ್ತು

ಗಾಯ ಆಗಿದ್ದರೆ, ಮಗು "ಸಾಯಬೇಕು ಅನ್ಸುತ್ತೆ" ಅಂದರೆ, ಬಟ್ಟೆ ಬಿಚ್ಚಿಸುವುದು, ಮುಟ್ಟಬಾರದ ಕಡೆ ಮುಟ್ಟುವುದು ಬಂದರೆ ಎರಡು ವಾರದ ನೋಟ್‌ಬುಕ್ ಪಕ್ಕಕ್ಕಿಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಹೆಡ್‌ಮಾಸ್ಟರ್‌ಗೆ ಮತ್ತು ಮನೆಯವರಿಗೆ ತಿಳಿಸಿ. ಲೈಂಗಿಕ ದೌರ್ಜನ್ಯದ ಸುಳಿವು ಇದ್ದರೆ 2012ರ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಶಾಲೆಯ ಹೆಸರು ಕೆಡುತ್ತದೆ ಅಂತ ಒಳಗೇ ಮುಗಿಸುವ ಹಾಗಿಲ್ಲ. ಮಗುವನ್ನು ಮತ್ತೆ ಮತ್ತೆ ವಿಚಾರಿಸಬೇಡಿ, ಅದು ಹೇಳಿದ್ದನ್ನು ಅದರದ್ದೇ ಮಾತಿನಲ್ಲಿ ಬರೆದಿಡಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ಮನೋವೈದ್ಯಕೀಯ ವಿಭಾಗ ಇದೆ.

ಮತ್ತೆ ಅಳೆಯುವುದು

ಏನಾದರೂ ಬದಲಾವಣೆ ಮಾಡಿರುತ್ತೀರಿ: ಮೆಟ್ಟಿಲ ತಿರುವಿನಲ್ಲಿ ಒಬ್ಬರು ನಿಲ್ಲುವುದು, ವ್ಯಾನಿನಲ್ಲಿ ಚಿಕ್ಕವರನ್ನು ಮುಂದೆ ಕೂರಿಸುವುದು, ನಲ್ಲಿಗೆ ಬೆಂಚಿನ ಪ್ರಕಾರ ಕಳಿಸುವುದು. ಎರಡು ತಿಂಗಳು ಬಿಟ್ಟು ಅದೇ ಪ್ರಶ್ನೆ, ಅದೇ ಕ್ರಮ, ಅದೇ ಬಿಂದಿ. ಈ ಸಲ "ಸಂಕ್ರಾಂತಿ ಆದ ಮೇಲೆ" ಅಂತ ಕೇಳಿ. ಮೊದಲಿನ ನಕ್ಷೆಯನ್ನು ಮಕ್ಕಳಿಗೆ ತೋರಿಸಬೇಡಿ, ನೋಡಿದರೆ ಅಲ್ಲೇ ಹಚ್ಚುತ್ತಾರೆ.

ಲೆಕ್ಕ ಮೊದಲಿಗಿಂತ ಜಾಸ್ತಿ ಬಂದರೆ ಗಾಬರಿ ಬೇಡ. ಹೇಳಿದರೆ ಕೇಳುತ್ತಾರೆ ಅಂತ ಗೊತ್ತಾದ ಮೇಲೆ ಮಕ್ಕಳು ಜಾಸ್ತಿ ಹೇಳುತ್ತಾರೆ. "ಯಾರಿಗೂ ಹೇಳಿಲ್ಲ" ಅನ್ನುವ ಮನೆಯ ಟಿಕ್ ಕಡಿಮೆಯಾಗಿದೆಯಾ ನೋಡಿ. ನೋಟ್‌ಬುಕ್ಕಿನ ಪ್ರಸಂಗಗಳು ಕಡಿಮೆಯಾಗಿ, ಹಾಳೆಯ ಟಿಕ್ ಹಾಗೇ ಇದ್ದರೆ ಮಾತ್ರ ಯೋಚನೆ ಮಾಡಬೇಕು. ಕಾಟ ನಿಂತಿಲ್ಲ, ಜಾಗ ಬದಲಾಗಿದೆ. ಆಗ ಹೊಸ ನಕ್ಷೆಯಲ್ಲಿ ಕೆಂಪು ಎಲ್ಲಿಗೆ ಸರಿದಿದೆ ಅಂತ ಹುಡುಕಿ. ನಮ್ಮಲ್ಲಿ ಮೆಟ್ಟಿಲ ತಿರುವು ಪೂರ್ತಿ ಖಾಲಿಯಾಗಿತ್ತು. ಏಳು ಕೆಂಪು ಬಿಂದಿ ಒಟ್ಟಿಗೆ ಸೈಕಲ್ ಸ್ಟ್ಯಾಂಡಿನ ಹಿಂದೆ ಕೂತಿದ್ದವು. ಮೊದಲನೇ ನಕ್ಷೆಯಲ್ಲಿ ನಾನು ಆ ಜಾಗವನ್ನು ಬಿಡಿಸಿಯೇ ಇರಲಿಲ್ಲ. ಎರಡನೇ ಸಲ ಅದನ್ನು ಪೆನ್ಸಿಲಿನಲ್ಲಿ ಸೇರಿಸಿದ್ದು ಒಬ್ಬ ಹುಡುಗಿ, "ಮಿಸ್, ಇದನ್ನ ಮರ್ತಿದೀರ" ಅಂತ.